ದಾಸಿಯಾಗಿ ಬಂದವರು ಸಾಮ್ರಾಜ್ಯ ಆಳಿದ್ದು ಹೇಗೆ?

ಪ್ರಶ್ನೆ: ಆಟೊಮನ್ ಸುಲ್ತಾನರ ಕಾಲದ ತುರ್ಕಿ ಧಾರಾವಾಹಿಗಳನ್ನು ನಮ್ಮ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೇವೆ. ಅಂತಃಪುರಕ್ಕೆ ಗುಲಾಮರಾಗಿ ಬಂದ ಹುಡುಗಿಯರು ಕೊನೆಗೆ ಇಡೀ ಸಾಮ್ರಾಜ್ಯವನ್ನೇ ಆಡಿಸಿದರು ಎಂದು ಅವುಗಳಲ್ಲಿ ತೋರಿಸುತ್ತಾರೆ. ಇದರಲ್ಲಿ ನಿಜ ಎಷ್ಟು? ಸುಲ್ತಾನರನ್ನು ಮರುಳು ಮಾಡಿ ಅಧಿಕಾರ ಹಿಡಿದರೇ? ಸಾಮ್ರಾಜ್ಯ ಹಾಳಾಗಿದ್ದೇ ಈ ಹೆಂಗಸರಿಂದ ಎನ್ನುವವರೂ ಇದ್ದಾರೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಕತೆಯ ಮೂಲ ನಿಜ. 1530ರ ದಶಕದಿಂದ 1656ರವರೆಗಿನ ಸುಮಾರು ನೂರಿಪ್ಪತ್ತು ವರ್ಷ ಇಸ್ತಾಂಬುಲಿನ ಟೋಪ್‌ಕಾಪಿ ಅರಮನೆಯ ಅಂತಃಪುರದಲ್ಲಿದ್ದ ಕೆಲವು ಹೆಂಗಸರು ವಜೀರರನ್ನು ಕೂರಿಸಿದರು, ಇಳಿಸಿದರು, ಯುರೋಪಿನ ರಾಜರಾಣಿಯರೊಂದಿಗೆ ಪತ್ರ ವ್ಯವಹಾರ ನಡೆಸಿದರು. ಇಬ್ಬರಂತೂ ಎಳೆಯ ಸುಲ್ತಾನರ ಹೆಸರಿನಲ್ಲಿ ರಾಜ್ಯಭಾರವನ್ನೇ ಮಾಡಿದರು. ಇವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೆರೆ ಸಿಕ್ಕಿಯೋ ಮಾರಾಟವಾಗಿಯೋ ಅರಮನೆ ಸೇರಿದವರು. ಕಳೆದ ಶತಮಾನದ ಆರಂಭದಲ್ಲಿ ಅಹ್ಮದ್ ರೆಫಿಕ್ ಎಂಬ ತುರ್ಕಿ ಇತಿಹಾಸಕಾರ ಈ ಕಾಲಕ್ಕೆ 'ಹೆಂಗಸರ ಸುಲ್ತಾನಗಿರಿ' ಎಂಬ ಹೆಸರನ್ನು ಪ್ರಚಾರಕ್ಕೆ ತಂದ. ಹೊಗಳುವುದಕ್ಕಾಗಿ ಇಟ್ಟ ಹೆಸರಲ್ಲ ಅದು.

ಆದರೆ 'ಮರುಳು ಮಾಡಿ' ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. ಗಂಡನ ಪ್ರೀತಿಯಿಂದ ಮೇಲೇರಿದವಳು ಎಂದು ಧೈರ್ಯವಾಗಿ ಹೇಳಬಹುದಾದದ್ದು ಮುಖ್ಯವಾಗಿ ಒಬ್ಬಳ ಬಗ್ಗೆ, ಸುಲ್ತಾನ ಸುಲೇಮಾನನ ಹೆಂಡತಿ ಹುರ್ರೆಮ್ ಬಗ್ಗೆ. ಉಳಿದವರ ನಿಜವಾದ ಅಧಿಕಾರ ಶುರುವಾಗಿದ್ದು ಗಂಡ ಸತ್ತ ಮೇಲೆ, ಮಗ ಪಟ್ಟಕ್ಕೆ ಬಂದ ದಿನ. ಅವರು ಕೂತಿದ್ದು 'ವಾಲಿದೆ ಸುಲ್ತಾನ್', ಅಂದರೆ ರಾಜಮಾತೆಯ ಸ್ಥಾನದಲ್ಲಿ. ಆ ಸ್ಥಾನಕ್ಕೆ ಸಂಬಳವಿತ್ತು, ಸಿಬ್ಬಂದಿಯಿತ್ತು, ಭೂಮಿಯಿತ್ತು, ಮೆರವಣಿಗೆಯ ಗೌರವವಿತ್ತು. ತುಂಬಿದ ಮನೆಯಲ್ಲಿ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಹಿರಿಯತ್ತೆಯನ್ನು ಯಾರೂ 'ತೆರೆಮರೆಯ ಶಕ್ತಿ' ಎನ್ನುವುದಿಲ್ಲವಲ್ಲ, ಇದೂ ಹಾಗೆಯೇ. ಆ ಮನೆ ಮೂರು ಖಂಡಗಳಿಗೆ ಹರಡಿತ್ತು, ಅಷ್ಟೇ.

ಇದು ಅರ್ಥವಾಗಬೇಕಾದರೆ ಆಟೊಮನ್ನರ ಪಟ್ಟದ ರೀತಿ ಗೊತ್ತಿರಬೇಕು. ಆ ವಂಶದಲ್ಲಿ ಹಿರಿಯ ಮಗನಿಗೆ ಪಟ್ಟ ಎಂಬ ನಿಯಮವೇ ಇರಲಿಲ್ಲ. ಸುಲ್ತಾನನ ಗಂಡುಮಕ್ಕಳೆಲ್ಲ ಸಮಾನ ಹಕ್ಕುದಾರರು. ಗೆದ್ದವನು ಸುಲ್ತಾನ, ಸೋತವರು ಹೆಣ. ಇಸ್ತಾಂಬುಲ್ ಗೆದ್ದ ಎರಡನೇ ಮೆಹ್ಮದ್ 1451ರಲ್ಲಿ ಪಟ್ಟವೇರಿದಾಗ ಕೈಗೂಸಾಗಿದ್ದ ತಮ್ಮನನ್ನೇ ಕೊಲ್ಲಿಸಿದ. ಲೋಕದ ಕ್ಷೇಮಕ್ಕಾಗಿ ಸೋದರರನ್ನು ಕೊಲ್ಲುವುದು ಸರಿ ಎಂದು ಅವನ ಹೆಸರಿನ ಶಾಸನದಲ್ಲೇ ಬರೆದಿದೆ. 15ನೇ ಶತಮಾನದ ನಂತರ ಸುಲ್ತಾನರು ರಾಜಕುಮಾರಿಯರನ್ನು ಮದುವೆಯಾಗುವುದನ್ನೂ ಹೆಚ್ಚುಕಡಿಮೆ ಬಿಟ್ಟರು. ಹೆಣ್ಣು ಕೊಟ್ಟ ಮಾವ, ಭಾವಮೈದುನ ಎಂಬ ತಲೆನೋವೇ ಬೇಡ ಎಂಬ ಲೆಕ್ಕಾಚಾರ. ಗುಲಾಮ ಹೆಣ್ಣಿನಲ್ಲಿ ಒಡೆಯನಿಗೆ ಹುಟ್ಟಿದ ಮಗು ಇಸ್ಲಾಮಿಕ್ ಕಾನೂನಿನ ಪ್ರಕಾರ ಸ್ವತಂತ್ರ, ಸಕ್ರಮ, ತಂದೆಯ ಆಸ್ತಿಗೆ ಹಕ್ಕುದಾರ. ಆ ತಾಯಿಯನ್ನು ಮತ್ತೆ ಮಾರುವಂತಿಲ್ಲ, ಒಡೆಯ ಸತ್ತರೆ ಅವಳು ಸ್ವತಂತ್ರಳು. ಹೀಗಾಗಿ ದಾಸಿಯ ಮಗ ಸುಲ್ತಾನನಾಗುವುದರಲ್ಲಿ ಯಾರಿಗೂ ಮುಜುಗರವಿರಲಿಲ್ಲ.

ಜತೆಗೆ ಇನ್ನೊಂದು ಕಟ್ಟಳೆ: ಒಬ್ಬ ತಾಯಿಗೆ ಒಬ್ಬನೇ ಮಗ. ಗಂಡುಮಗು ಹುಟ್ಟಿದ ಮೇಲೆ ಆಕೆ ಮತ್ತೆ ಸುಲ್ತಾನನ ಹಾಸಿಗೆಗೆ ಹೋಗುವಂತಿಲ್ಲ. ಮಗ ಬೆಳೆದು ಮನಿಸಾ, ಅಮಾಸ್ಯಾದಂಥ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಹೊರಟಾಗ ಆಕೆಯೂ ಅವನ ಜತೆ ಹೊರಡಬೇಕು. ಅಲ್ಲಿ ಅವನ ಮನೆವಾರ್ತೆ ನೋಡಿಕೊಳ್ಳುವುದು, ನಂಬಿಕಸ್ತರನ್ನು ಕೂಡಿಸುವುದು, ರಾಜಧಾನಿಯ ಸುದ್ದಿ ತರಿಸುವುದು ಎಲ್ಲ ಅವಳ ಕೆಲಸ. ಮಗ ಗೆದ್ದರೆ ಅವಳು ರಾಜಮಾತೆ. ಸೋತರೆ ಮಗನ ಹೆಣದ ಜತೆ ಬುರ್ಸಾ ನಗರಕ್ಕೆ ಹೋಗಿ ಗೋರಿ ಕಾಯಬೇಕು. ಮಗನ ಜೀವ ಉಳಿಸುವುದೇ ಆ ತಾಯಂದಿರ ರಾಜಕಾರಣ.

ನಮ್ಮ ಬಿಜಾಪುರಕ್ಕೂ ಈ ಭಯದ ನೆರಳು ಬಿದ್ದಿದೆ. ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಖಾನ್ ಆಟೊಮನ್ ರಾಜಕುಮಾರನೆಂದೂ, 1451ರಲ್ಲಿ ಕೊಲೆಯ ಅಪ್ಪಣೆ ಹೊರಟಾಗ ಅವನ ತಾಯಿ ಬೇರೊಂದು ಹುಡುಗನನ್ನು ಅವನ ಜಾಗದಲ್ಲಿಟ್ಟು, ಮಗನನ್ನು ವ್ಯಾಪಾರಿಯೊಬ್ಬನ ಕೈಗೊಪ್ಪಿಸಿ ಪಾರು ಮಾಡಿದಳೆಂದೂ ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಷ್ತಾ ಬರೆದಿದ್ದಾನೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೂ ಅಂಥದೊಂದು ಕತೆ ದಖ್ಖನಿನಲ್ಲಿ ನಂಬುವ ಹಾಗೆ ಕೇಳಿಸುತ್ತಿತ್ತು ಎಂಬುದೇ ಆಟೊಮನ್ ಅಂತಃಪುರದ ಕೀರ್ತಿ ಎಲ್ಲಿಯವರೆಗೆ ಹಬ್ಬಿತ್ತು ಎಂಬುದನ್ನು ತೋರಿಸುತ್ತದೆ.

ಈಗ ಹುರ್ರೆಮ್ ವಿಷಯಕ್ಕೆ ಬರೋಣ. ಯುರೋಪಿನವರು ಅವಳನ್ನು ರೊಕ್ಸೆಲಾನಾ ಎಂದು ಕರೆದರು. ಆಗ ಪೋಲೆಂಡ್ ರಾಜ್ಯಕ್ಕೆ ಸೇರಿದ್ದ, ಈಗಿನ ಪಶ್ಚಿಮ ಉಕ್ರೇನಿನ ಕಡೆಯವಳು. ಕ್ರಿಮಿಯಾದ ತಾತಾರರು ಹಳ್ಳಿಗಳಿಗೆ ನುಗ್ಗಿ ಜನರನ್ನು ಹಿಡಿದು ಮಾರುತ್ತಿದ್ದ ಕಾಲ ಅದು. 1520ರ ಸುಮಾರಿಗೆ ಸುಲೇಮಾನನ ಅಂತಃಪುರ ಸೇರಿದಳು, 1521ರಲ್ಲಿ ಮೊದಲ ಮಗ ಮೆಹ್ಮದ್ ಹುಟ್ಟಿದ. ಅಲ್ಲಿಗೆ ಅವಳ ಪಾತ್ರ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಿಹ್ರಿಮಾ, ಸೆಲೀಮ್, ಬಾಯಜೀದ್, ಜಿಹಾಂಗೀರ್ ಎಂದು ಮಕ್ಕಳಾಗುತ್ತಲೇ ಹೋದರು. 1534ರ ಹೊತ್ತಿಗೆ ಸುಲೇಮಾನ್ ಅವಳನ್ನು ವಿಧಿವತ್ತಾಗಿ ಮದುವೆಯಾದ. ಅಷ್ಟು ದೊಡ್ಡ ಸುಲ್ತಾನ ತನ್ನ ದಾಸಿಯನ್ನು ಬಿಡುಗಡೆ ಮಾಡಿ ಮದುವೆಯಾದದ್ದನ್ನು ಕಂಡು ಇಸ್ತಾಂಬುಲಿನ ಬೀದಿಯ ಜನಕ್ಕೆ ಹೊಳೆದದ್ದು ಒಂದೇ ಕಾರಣ: ಮಾಟ. ಅವಳು ಮಾಟಗಾತಿ ಎಂಬ ಮಾತನ್ನು ಅಲ್ಲಿದ್ದ ಯುರೋಪಿನ ರಾಯಭಾರಿಗಳೂ ದಾಖಲಿಸಿದ್ದಾರೆ.

ಅವಳು ಮುರಿದ ಕಟ್ಟಳೆಗಳಲ್ಲಿ ರಾಜಕೀಯವಾಗಿ ಮುಖ್ಯವಾದದ್ದು ಮದುವೆಯಲ್ಲ, ರಾಜಧಾನಿ ಬಿಡದಿದ್ದುದು. ಮಕ್ಕಳು ಪ್ರಾಂತ್ಯಗಳಿಗೆ ಹೋದರು, ತಾಯಿ ಹೋಗಲಿಲ್ಲ. ಹಿಂದೆ ಹೆಂಗಸರು ಇರುತ್ತಿದ್ದದ್ದು ಊರ ನಡುವಿನ ಹಳೆಯ ಅರಮನೆಯಲ್ಲಿ. ರಾಜ್ಯಭಾರ ನಡೆಯುತ್ತಿದ್ದ ಟೋಪ್‌ಕಾಪಿಯಲ್ಲೇ ಹುರ್ರೆಮ್ ನೆಲೆಯೂರಿದ ಮೇಲೆ ಅಂತಃಪುರ, ದರ್ಬಾರು ಎರಡೂ ಒಂದೇ ಕೋಟೆಯೊಳಗೆ ಬಂದವು. ಸುಲೇಮಾನ್ ವರ್ಷಗಟ್ಟಲೆ ದಂಡಯಾತ್ರೆಯಲ್ಲಿದ್ದಾಗ ಅವನಿಗೆ ಊರಿನ ಸುದ್ದಿ ಕೊಡುತ್ತಿದ್ದವಳು ಅವಳು. ಮೊದಮೊದಲ ಪತ್ರಗಳು ಬರಹಗಾರರ ಕೈಯಿಂದ ಬರೆಸಿದವು, ತುರ್ಕಿ ಭಾಷೆ ಚೆನ್ನಾಗಿ ಬಂದ ಮೇಲೆ ತಾನೇ ಬರೆಯತೊಡಗಿದಳು. 1548ರಲ್ಲಿ ಪೋಲೆಂಡಿನ ಪಟ್ಟವೇರಿದ ಎರಡನೇ ಸಿಗಿಸ್ಮಂಡನಿಗೆ ಅಭಿನಂದನೆ ಬರೆದವಳೂ ಇವಳೇ. ಮುಂದಿನ ಪತ್ರದ ಜತೆ ಉಡುಗೊರೆಯಾಗಿ ಹೋದದ್ದು ಅಂಗಿ-ಇಜಾರಗಳ ಎರಡು ಜೋಡಿ, ನಡುಕಟ್ಟು, ಆರು ಕರವಸ್ತ್ರ, ಒಂದು ಕೈ ಒರೆಸುವ ಬಟ್ಟೆ. ರಾಜರು ಪರಸ್ಪರ ಕುದುರೆ ಕತ್ತಿ ಕಳಿಸುತ್ತಿದ್ದಾಗ ಹೆಂಗಸರು ಕಸೂತಿ ಕಳಿಸುತ್ತಿದ್ದರು. ಕಸೂತಿಯ ಗಂಟಿನ ಜತೆ ಹೋಗುತ್ತಿದ್ದದ್ದು ಮಾತ್ರ ರಾಜತಾಂತ್ರಿಕ ಮಾತೇ.

ಧಾರಾವಾಹಿಯವರಿಗೆ ಅಚ್ಚುಮೆಚ್ಚಿನ ಪ್ರಸಂಗ ಮುಸ್ತಫಾನ ಕೊಲೆ. ಮುಸ್ತಫಾ ಇನ್ನೊಬ್ಬಳ, ಮಾಹಿದೇವ್ರಾನಳ ಮಗ. ಸೈನಿಕರಿಗೆ ಪ್ರಾಣ. 1553ರಲ್ಲಿ ಇರಾನಿನ ಮೇಲೆ ದಂಡೆತ್ತಿ ಹೊರಟ ಸುಲೇಮಾನ್ ದಾರಿಯಲ್ಲಿ ಎರೆಗ್ಲಿಯ ಬಳಿ ಬೀಡು ಬಿಟ್ಟಾಗ ಅವನನ್ನು ಡೇರೆಗೆ ಕರೆಸಿ ಕತ್ತು ಬಿಗಿಸಿ ಕೊಲ್ಲಿಸಿದ. ಮಹಾವಜೀರ ರುಸ್ತುಮ್ ಪಾಷಾ ಹುರ್ರೆಮಳ ಅಳಿಯ, ಮಗಳು ಮಿಹ್ರಿಮಾಳ ಗಂಡ. ಮೂವರೂ ಸೇರಿ ಸಂಚು ಹೂಡಿದರು ಎಂದು ಅಂದಿನ ಜನ ನಂಬಿದರು. ಸೈನ್ಯದ ಸಿಟ್ಟಿಗೆ ಹೆದರಿ ಸುಲೇಮಾನ್ ರುಸ್ತುಮನನ್ನು ಕೆಲಸದಿಂದ ಇಳಿಸಿ, ಎರಡು ವರ್ಷದ ನಂತರ ಮತ್ತೆ ಕೂರಿಸಿದ. ಹುರ್ರೆಮಳ ಕೈವಾಡ ಇತ್ತೇ? ಇರಲಿಲ್ಲ ಎಂದು ವಾದಿಸುವುದು ಕಷ್ಟ. ಆದರೆ ಅವಳನ್ನು ರಾಕ್ಷಸಿ ಮಾಡುವ ಮೊದಲು ಲೆಕ್ಕವನ್ನು ನೋಡಿ: ಮುಸ್ತಫಾ ಸುಲ್ತಾನನಾಗಿದ್ದರೆ ಅವಳ ಗಂಡುಮಕ್ಕಳೆಲ್ಲ ಅದೇ ಹುರಿಗೆ ಕೊರಳೊಡ್ಡಬೇಕಿತ್ತು. ಕಟ್ಟಳೆ ಮಾಡಿದವರು ಗಂಡಸರು, ಅಪವಾದ ಹೊತ್ತವಳು ಇವಳು. ಸಾಲದ್ದಕ್ಕೆ, 1558ರಲ್ಲಿ ಅವಳು ತೀರಿಕೊಂಡ ಮರುವರ್ಷವೇ ಅವಳ ಸ್ವಂತ ಮಕ್ಕಳು ಸೆಲೀಮ್, ಬಾಯಜೀದ್ ಕಾದಾಡಿದರು. ಸೋತು ಇರಾನಿಗೆ ಓಡಿದ ಬಾಯಜೀದನನ್ನು 1561ರಲ್ಲಿ ಅವನ ಮಕ್ಕಳ ಸಮೇತ ಮುಗಿಸಲಾಯಿತು.

ಅವಳ ಇನ್ನೊಂದು ಮುಖವನ್ನು ಧಾರಾವಾಹಿಗಳು ಆತುರಾತುರವಾಗಿ ದಾಟಿಬಿಡುತ್ತವೆ. ಇಸ್ತಾಂಬುಲಿನಲ್ಲಿ ಅವಳು ಕಟ್ಟಿಸಿದ ಮಸೀದಿ, ಮದರಸಾ, ಅನ್ನಛತ್ರ, ಆಸ್ಪತ್ರೆಗಳ ಸಮುಚ್ಚಯ ವಾಸ್ತುಶಿಲ್ಪಿ ಸಿನಾನನ ಆರಂಭದ ಕೆಲಸಗಳಲ್ಲಿ ಒಂದು. ಆ ಬಡಾವಣೆಗೂ ಅಲ್ಲಿನ ಸರ್ಕಾರಿ ಆಸ್ಪತ್ರೆಗೂ ಇವತ್ತಿಗೂ 'ಹಸೆಕಿ' ಎಂದೇ ಹೆಸರು. ಸುಲ್ತಾನನ ಮೆಚ್ಚಿನ ಸಂಗಾತಿ ಎಂಬ ಬಿರುದು ಅದು. 1550ರ ದಶಕದಲ್ಲಿ ಜೆರುಸಲೇಮಿನಲ್ಲಿ ದೊಡ್ಡದೊಂದು ಛತ್ರ ಕಟ್ಟಿಸಿ, ಪ್ಯಾಲೆಸ್ಟೈನಿನ ಎಷ್ಟೋ ಹಳ್ಳಿಗಳ ಕಂದಾಯವನ್ನು ಅದಕ್ಕೆ ವಕ್ಫ್ ಮಾಡಿಸಿದಳು. ಆ ವಕ್ಫ್ ಪತ್ರ ಓದಲು ಬಲು ರುಚಿ. ಬೆಳಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿ ನುಚ್ಚಿನದು, ಜತೆಗೆ ರೊಟ್ಟಿ. ಶುಕ್ರವಾರದಂಥ ವಿಶೇಷ ದಿನಗಳಲ್ಲಿ ಕುರಿಮಾಂಸದ ಅನ್ನ, ಕೇಸರಿ ಹಾಕಿದ ಸಿಹಿಯನ್ನ. ಯಾರಿಗೆ ಮೊದಲು ಬಡಿಸಬೇಕು, ಯಾರಿಗೆ ಎಷ್ಟು ಸೌಟು ಎಂಬುದೂ ಅದರಲ್ಲಿದೆ. ದಿನಕ್ಕೆ ನಾನೂರು ಬಡವರ ಊಟ, ಸಿಬ್ಬಂದಿ ಮತ್ತು ಅತಿಥಿಗಳದ್ದು ಬೇರೆ. ಆ ಅಡುಗೆಮನೆ ನಮ್ಮ ಕಾಲದವರೆಗೂ ಬಡವರಿಗೆ ಊಟ ಹಾಕುತ್ತ ಬಂದಿದೆ.

ಹುರ್ರೆಮ್ ರಾಜಮಾತೆಯಾಗಲಿಲ್ಲ, ಗಂಡನಿಗಿಂತ ಮೊದಲೇ ಸತ್ತಳು. ಆ ಸ್ಥಾನಕ್ಕೆ ತೂಕ ತಂದವಳು ಸೊಸೆ ನೂರ್‌ಬಾನು. ಅವಳ ಮೂಲ ವೆನಿಸ್ ಎಂದು ಕೆಲವರು, ಗ್ರೀಕ್ ಎಂದು ಕೆಲವರು. 1574ರ ಡಿಸೆಂಬರಿನಲ್ಲಿ ಎರಡನೇ ಸೆಲೀಮ್ ಸತ್ತಾಗ ಅವಳ ಮಗ ಮುರಾದ್ ದೂರದ ಮನಿಸಾದಲ್ಲಿದ್ದ. ಸುದ್ದಿ ಹೊರಬಿದ್ದರೆ ಗಲಭೆ ಗ್ಯಾರಂಟಿ. ಹೆಣವನ್ನು ಮಂಜುಗಡ್ಡೆಯಲ್ಲಿಟ್ಟು, ಬಾಯಿ ಬಿಗಿಹಿಡಿದು, ಮಗ ಬಂದು ತಲುಪುವವರೆಗೆ ಸುಮಾರು ಒಂದು ವಾರ ಸಾವನ್ನು ಮುಚ್ಚಿಟ್ಟರು. ಮಗ ಬಂದ, ಪಟ್ಟವೇರಿದ, ಐವರು ತಮ್ಮಂದಿರನ್ನು ಕೊಲ್ಲಿಸಿದ. 'ವಾಲಿದೆ ಸುಲ್ತಾನ್' ಎಂಬ ಬಿರುದು ಅಧಿಕೃತವಾಗಿ ನೆಲೆಯಾದದ್ದು ಅವಳ ಕಾಲದಲ್ಲಿ.

ಈ ಸ್ಥಾನದ ತೂಕ ಎಷ್ಟು ಎಂಬುದಕ್ಕೆ ಸಂಬಳದ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಬೇಡ. ನೂರ್‌ಬಾನುವಿಗೆ ದಿನಕ್ಕೆ 2000 ಅಕ್ಚೆ. ಮುಂದೆ ಅವಳ ಸೊಸೆ ಸಫಿಯೆಗೆ 3000. ಅಕ್ಚೆ ಎಂದರೆ ಸಣ್ಣ ಬೆಳ್ಳಿ ನಾಣ್ಯ. ಆಗ ಸಾಮ್ರಾಜ್ಯದ ಅತ್ಯುನ್ನತ ಧರ್ಮಾಧಿಕಾರಿಯಾದ ಶೇಖ್‌ ಉಲ್‌ ಇಸ್ಲಾಂಗೆ ದಿನಕ್ಕೆ 750, ಸುಲ್ತಾನನ ಕಾಯಂ ಕಾಲಾಳು ಪಡೆಯಾದ ಜಾನಿಸರಿ ಸೈನ್ಯದ ಮುಖ್ಯಸ್ಥನಿಗೆ 500. ಅಂತಃಪುರದ ಸಾಮಾನ್ಯ ದಾಸಿಗೆ ಕೆಲವೇ ಅಕ್ಚೆ. ರಾಜಮಾತೆಯ ಹೆಸರಿನ ಜಹಗೀರುಗಳ ಆದಾಯ ಇದರ ಮೇಲೆ. ಟೋಪ್‌ಕಾಪಿಯಲ್ಲಿ ಅವಳ ಕೋಣೆಗಳಿರುವುದು ಸುಲ್ತಾನನ ಕೋಣೆಗಳಿಗೂ ಉಳಿದ ಹೆಂಗಸರ ವಠಾರಕ್ಕೂ ನಡುವೆ, ಅತ್ತಿಂದಿತ್ತ ಯಾರು ಹೋದರೂ ಅವಳ ಕಣ್ಣು ತಪ್ಪುವಂತಿರಲಿಲ್ಲ. ಹೊಸ ಸುಲ್ತಾನ ಪಟ್ಟಕ್ಕೆ ಬಂದಾಗ ತಾಯಿಯನ್ನು ಹಳೆಯ ಅರಮನೆಯಿಂದ ಟೋಪ್‌ಕಾಪಿಗೆ ಮೆರವಣಿಗೆಯಲ್ಲಿ ಕರೆತರುವ ಪದ್ಧತಿಯೂ ಬೆಳೆಯಿತು. ದಾರಿಯುದ್ದಕ್ಕೂ ಸೈನಿಕರಿಗೆ ಇನಾಮು ಹಂಚುತ್ತ ಬರುವ ತಾಯಿಯನ್ನು ಸುಲ್ತಾನನೇ ಎದುರುಗೊಳ್ಳುತ್ತಿದ್ದ.

ಸಫಿಯೆಯ ಮಗ ಮೂರನೇ ಮೆಹ್ಮದ್. 1595ರಲ್ಲಿ ಪಟ್ಟವೇರಿ 19 ಮಂದಿ ತಮ್ಮಂದಿರನ್ನು ಒಮ್ಮೆಲೇ ಕೊಲ್ಲಿಸಿದವನು ಅವನೇ. ಸಫಿಯೆಯ ಹೆಸರು ಯುರೋಪಿನಲ್ಲಿ ಉಳಿದದ್ದು ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ಜತೆಗಿನ ಪತ್ರಗಳಿಂದ. ಇಂಗ್ಲಿಷ್ ವ್ಯಾಪಾರಿಗಳಿಗೆ ಆಟೊಮನ್ ಬಂದರುಗಳಲ್ಲಿ ಸವಲತ್ತು ಬೇಕಿತ್ತು, ಎಲಿಜಬೆತ್ ಕಳಿಸಿದ ಉಡುಗೊರೆಗಳಲ್ಲಿ ಒಂದು ಕುದುರೆಗಾಡಿ, 1599ರಲ್ಲಿ ಹಡಗಿನಲ್ಲಿ ಬಂತು. ಸಫಿಯೆ ಅದರಲ್ಲಿ ಕೂತು ಊರು ಸುತ್ತುತ್ತಿದ್ದಳು. ಬದಲಿಗೆ ನಿಲುವಂಗಿ, ನಡುಪಟ್ಟಿ, ಜರತಾರಿಯ ಸ್ನಾನದ ಬಟ್ಟೆ, ಕರವಸ್ತ್ರ, ಮಾಣಿಕ್ಯ-ಮುತ್ತಿನ ಕಿರೀಟ ಕಳಿಸಿದಳು, ಒಪ್ಪಂದದಂತೆ ನಡೆದುಕೊಳ್ಳಲು ಮಗನಿಗೆ ಬುದ್ಧಿ ಹೇಳುತ್ತೇನೆ ಎಂದೂ ಬರೆದಳು. ಇದೇ ಹೊತ್ತಿನಲ್ಲಿ ಅವಳ ಪರವಾಗಿ ಹೊರಗಿನ ವ್ಯವಹಾರ ನೋಡುತ್ತಿದ್ದ ಎಸ್ಪೆರಾನ್ಜಾ ಮಾಲ್ಕಿ ಎಂಬ ಯಹೂದಿ ಹೆಂಗಸು ಎಲಿಜಬೆತ್‌ಗೆ ತಾನೇ ಒಂದು ಪತ್ರ ಬರೆದಳು. ಮುಖಕ್ಕೆ ಹಚ್ಚುವ ಸುಗಂಧಜಲ, ಕೈಗೆ ಹಚ್ಚುವ ಪರಿಮಳದ ಎಣ್ಣೆ ಕಳಿಸಿಕೊಡಿ, ಹೆಂಗಸರ ಸಾಮಾನು ಅದು, ಬೇರೆಯವರ ಕೈಗೆ ಬೇಡ, ನೇರ ನನ್ನ ಕೈಗೇ ಬರಲಿ ಎಂದು. ಎರಡು ಸಾಮ್ರಾಜ್ಯಗಳ ನಡುವಿನ ಪತ್ರವ್ಯವಹಾರದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಸಾಲು ಇನ್ನೊಂದಿಲ್ಲ.

ಈ ಮಾಲ್ಕಿಯ ಕೊನೆ ಘೋರ. ಮೌಲ್ಯ ಕಳೆದುಕೊಂಡ ನಾಣ್ಯದಲ್ಲಿ ಸಂಬಳ ಪಡೆದು ರೊಚ್ಚಿಗೆದ್ದ ಅಶ್ವದಳದವರು 1600ರಲ್ಲಿ ಅವಳನ್ನು ಕೊಚ್ಚಿ ಹಾಕಿದರು. ಸುಂಕದ ಗುತ್ತಿಗೆಯಲ್ಲಿ ಅವಳು ದುಡ್ಡು ಮಾಡಿದ್ದು ನಿಜ. ರಾಜಮಾತೆಯನ್ನು ಮುಟ್ಟಲಾಗದವರು ರಾಜಮಾತೆಯ ಕೈಯನ್ನು ಕಡಿದರು ಎಂಬುದೂ ಅಷ್ಟೇ ನಿಜ. ಅದರ ಹಿಂದಿನ ವರ್ಷವಷ್ಟೇ ಶೇಖ್‌ ಉಲ್‌ ಇಸ್ಲಾಂ ಆಗಿದ್ದ ಸುನುಲ್ಲಾ ಎಫೆಂದಿ ರಾಜ್ಯದ ವಿಚಾರದಲ್ಲಿ ಹೆಂಗಸರಿಗೇನು ಕೆಲಸ ಎಂದು ಬಹಿರಂಗವಾಗಿ ಆಕ್ಷೇಪಿಸಿದ್ದ. 'ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ' ಎಂಬ ಗಾದೆ ನಮ್ಮಲ್ಲೂ ಇರುವಾಗ ಅವನನ್ನು ಕಂಡು ನಗುವ ಹಕ್ಕು ನಮಗಿಲ್ಲ.

1603ರ ನಂತರ ಕಟ್ಟಳೆಯೇ ಬದಲಾಯಿತು, ನಿಮ್ಮ ಪ್ರಶ್ನೆಗೆ ಇದು ಬಹಳ ಮುಖ್ಯ. ಮೂರನೇ ಮೆಹ್ಮದನ ಮಗ, ಹದಿಮೂರು ವರ್ಷದ ಅಹ್ಮದ್ ಪಟ್ಟಕ್ಕೆ ಬಂದಾಗ ಅವನಿಗೆ ಮಕ್ಕಳಿರಲಿಲ್ಲ, ಇದ್ದೊಬ್ಬ ತಮ್ಮ ಮುಸ್ತಫಾನನ್ನು ಕೊಂದರೆ ವಂಶವೇ ನಿಂತುಹೋಗುವ ಭಯ. ಹಾಗಾಗಿ ತಮ್ಮ ಉಳಿದ, 1617ರಲ್ಲಿ ಅಣ್ಣನ ನಂತರ ಸುಲ್ತಾನನೂ ಆದ. ಅಲ್ಲಿಂದ ಮುಂದೆ ವಂಶದ ಹಿರಿಯನಿಗೆ ಪಟ್ಟ ಎಂಬ ಪದ್ಧತಿ ಕ್ರಮೇಣ ಬೇರೂರಿತು. ರಾಜಕುಮಾರರನ್ನು ಪ್ರಾಂತ್ಯಗಳಿಗೆ ಕಳಿಸುವುದಂತೂ ಅದಕ್ಕೂ ಮುಂಚೆಯೇ ನಿಂತಿತ್ತು. ಅವರು ಅಂತಃಪುರದ ಕೋಣೆಗಳಲ್ಲೇ ಬಂಧಿಗಳಂತೆ ಬೆಳೆದರು. ಯುದ್ಧ ಕಾಣದ, ಆಡಳಿತ ಕಲಿಯದ, ಕೆಲವೊಮ್ಮೆ ಬುದ್ಧಿ ಸ್ಥಿಮಿತವಿಲ್ಲದ, ಇಲ್ಲವೇ ಹಾಲುಗಲ್ಲದ ಸುಲ್ತಾನರು ಸಾಲಾಗಿ ಬಂದರು. ಅಂಥವರ ಪಕ್ಕದಲ್ಲಿ ಇಪ್ಪತ್ತು ಮೂವತ್ತು ವರ್ಷ ಅರಮನೆಯ ಒಳಹೊರಗನ್ನು ಬಲ್ಲ, ವಜೀರರ ಜಾತಕವನ್ನೆಲ್ಲ ತಿಳಿದ ತಾಯಿ ಇದ್ದರೆ ರಾಜ್ಯ ಯಾರ ಕೈಗೆ ಬರುತ್ತದೆ?

ಬಂದದ್ದು ಕ್ಯೋಸೆಮ್ ಕೈಗೆ. ಗ್ರೀಕ್ ಮೂಲದವಳು, ಅಹ್ಮದನ ಹಸೆಕಿ. ಅಹ್ಮದ್ ತಮ್ಮನನ್ನು ಕೊಲ್ಲದಂತೆ ನೋಡಿಕೊಂಡವರಲ್ಲಿ ಅವಳೂ ಒಬ್ಬಳು ಎಂದು ವೆನಿಸ್ ರಾಯಭಾರಿ ಬರೆದಿದ್ದಾನೆ. ಅದೇ ಪದ್ಧತಿ ಮುಂದೆ ತನ್ನ ಮಕ್ಕಳ ಜೀವವನ್ನೂ ಕಾಯುತ್ತದೆ ಎಂಬ ದೂರದೃಷ್ಟಿ. ಹೆಣ್ಣುಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ವಜೀರರಿಗೆ ಮದುವೆ ಮಾಡಿಕೊಟ್ಟು ದರ್ಬಾರಿನಲ್ಲಿ ಅಳಿಯಂದಿರ ಬಳಗ ಕಟ್ಟಿದಳು. ಮಗಳು ಆಯಿಷಾಳಿಗೆ 1612ರಲ್ಲಿ ಮಹಾವಜೀರ ನಾಸುಹ್ ಪಾಷಾನೊಂದಿಗೆ ಮದುವೆಯಾದಾಗ ಹುಡುಗಿಗೆ ಹಾಲುಹಲ್ಲು ಬೀಳುವ ವಯಸ್ಸು. ಎರಡೇ ವರ್ಷದಲ್ಲಿ ನಾಸುಹನ ತಲೆದಂಡವಾಯಿತು, ಮಗಳಿಗೆ ಇನ್ನೊಬ್ಬ ವಜೀರ ಸಿಕ್ಕಿದ. ಕ್ಯೋಸೆಮಳ ಬಗ್ಗೆ ಮೆಚ್ಚುಗೆ ಹುಟ್ಟಿದಾಗೆಲ್ಲ ನಾನು ಈ ಹುಡುಗಿಯನ್ನು ನೆನಪು ಮಾಡಿಕೊಳ್ಳುತ್ತೇನೆ.

1622ರಲ್ಲಿ ಜಾನಿಸರಿಗಳು ಆಗ ಸುಲ್ತಾನನಾಗಿದ್ದ ಎರಡನೇ ಉಸ್ಮಾನನನ್ನು, ಇನ್ನೊಬ್ಬಳಲ್ಲಿ ಅಹ್ಮದನಿಗೆ ಹುಟ್ಟಿದ ಮಗನನ್ನು, ಕೊಂದರು. ಮರುವರ್ಷ ಕ್ಯೋಸೆಮಳ ಹನ್ನೊಂದು ವರ್ಷದ ಮಗ ನಾಲ್ಕನೇ ಮುರಾದ್ ಸುಲ್ತಾನನಾದ. 1632ರಲ್ಲಿ ಮುರಾದ್ ತಾನೇ ಲಗಾಮು ಹಿಡಿಯುವವರೆಗೆ ರಾಜ್ಯಭಾರ ತಾಯಿಯದು. ಬೊಕ್ಕಸ ಬರಿದು, ಬಾಗ್ದಾದ್ ಇರಾನಿನ ಪಾಲು, ಈಗಿನ ತುರ್ಕಿಯ ಏಷ್ಯಾ ಭಾಗವಾದ ಅನಾಟೋಲಿಯಾದಲ್ಲಿ ದಂಗೆ, ಸಂಬಳಕ್ಕಾಗಿ ಬಾಗಿಲಿಗೆ ಬಂದು ನಿಂತ ಸೈನ್ಯ. ಆ ದಿನಗಳಲ್ಲಿ ಅವಳು ಮಹಾವಜೀರನಿಗೆ ಬರೆದ ಪತ್ರಗಳು ಉಳಿದಿವೆ. ಒಂದರಲ್ಲಿ ಈಜಿಪ್ಟಿನಿಂದ ಬಂದ ಕಾಗದ, ಯೆಮೆನ್ ಕೈತಪ್ಪುತ್ತಿರುವುದು, ಅದಕ್ಕೆ ಏನಾದರೂ ಮಾಡಲೇಬೇಕೆಂಬುದು ಎಲ್ಲ ಬರುತ್ತದೆ. ಅದರ ನಡುವೆಯೇ ಮಗನ ದೂರು: ಬೆಳಗ್ಗೆ ಹೋದವನು ರಾತ್ರಿ ಬರುತ್ತಾನೆ, ಕಣ್ಣಿಗೇ ಬೀಳುವುದಿಲ್ಲ, ಈಗಷ್ಟೇ ಕಾಯಿಲೆಯಿಂದ ಎದ್ದವನು ಚಳಿಯಲ್ಲಿ ತಿರುಗುತ್ತಾನೆ, ನನ್ನ ಮಾತು ಕೇಳುವುದಿಲ್ಲ, ಸಮಯ ನೋಡಿ ನೀನಾದರೂ ಹೇಳು. ಯೆಮೆನ್ ಮತ್ತು ಮಗನ ನೆಗಡಿ ಒಂದೇ ಹಾಳೆಯಲ್ಲಿ. ಆಟೊಮನ್ ರಾಜ್ಯ ಒಂದು ಮನೆತನದ ಸಂಸಾರವೂ ಆಗಿತ್ತು ಎಂಬುದನ್ನು ಹತ್ತು ಪುಟ ಬರೆದು ವಿವರಿಸುವ ಬದಲು ಈ ಪತ್ರವನ್ನು ತೋರಿಸಿದರೆ ಸಾಕು.

ಮುರಾದ್ ಕಟುಕ. ಬಾಗ್ದಾದನ್ನು 1638ರಲ್ಲಿ ಮರಳಿ ಗೆದ್ದ, ತಮ್ಮಂದಿರನ್ನು ಕೊಲ್ಲಿಸಿದ. ಕೊನೆಯವನಾದ ಇಬ್ರಾಹಿಮನನ್ನು ತಾಯಿ ಹೇಗೋ ಉಳಿಸಿಕೊಂಡಳು. 1640ರಲ್ಲಿ ಪಟ್ಟಕ್ಕೆ ಬಂದ ಇಬ್ರಾಹಿಂ ಕೋಣೆಯೊಳಗಿನ ವರ್ಷಗಳ ಭಯದಿಂದ ಜರ್ಜರಿತನಾಗಿದ್ದ. ಅವನ ಹುಚ್ಚಾಟ, ದುಂದು ಮಿತಿಮೀರಿ 1648ರ ಆಗಸ್ಟ್ 8ರಂದು ಸೈನ್ಯಾಧಿಕಾರಿಗಳು ಮತ್ತು ಉಲೇಮಾಗಳು, ಅಂದರೆ ಧರ್ಮಪಂಡಿತರು, ಅರಮನೆಯ ಒಳಬಾಗಿಲಿಗೆ ಬಂದು, ಮಗನನ್ನು ಇಳಿಸಿ ಮೊಮ್ಮಗನನ್ನು ಕೊಡು ಎಂದು ಕ್ಯೋಸೆಮಳ ಮುಂದೆ ನಿಂತರು. ಆಸ್ಥಾನದ ಇತಿಹಾಸಕಾರ ನೈಮಾ ಈ ದೃಶ್ಯವನ್ನು ವಿವರವಾಗಿ ಬರೆದಿದ್ದಾನೆ. ತಲೆಗೆ ಕಪ್ಪು ರೇಷ್ಮೆ ಹೊದ್ದ ರಾಜಮಾತೆ, ಪಕ್ಕದಲ್ಲಿ ದೊಡ್ಡ ಬೀಸಣಿಗೆ ಬೀಸುತ್ತ ಖೋಜಾ, ಅಂದರೆ ಅಂತಃಪುರದ ನಪುಂಸಕ ಸೇವಕ. ನೀವೆಲ್ಲ ಈ ಮನೆಯ ಅನ್ನ ಉಂಡವರಲ್ಲವೇ ಎಂದು ಕೇಳಿದಳು. ಉಂಡ ಋಣಕ್ಕಾಗಿಯೇ ಬಂದಿದ್ದೇವೆ ಎಂದರು. ಏಳು ವರ್ಷದ ಮಗುವನ್ನು ಪಟ್ಟಕ್ಕೆ ಕೂರಿಸುವುದುಂಟೇ ಎಂದಳು. ಬುದ್ಧಿಗೆಟ್ಟ ದೊಡ್ಡವನಿಗಿಂತ ಬುದ್ಧಿಯಿರುವ ಮಗು ಧರ್ಮಸಮ್ಮತ, ಜಾಣ ವಜೀರನಿದ್ದರೆ ರಾಜ್ಯ ನಡೆಯುತ್ತದೆ ಎಂದು ನ್ಯಾಯಾಧೀಶನೊಬ್ಬ ಉತ್ತರಿಸಿದ. ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಅವಳು ಒಳಗೆ ಹೋಗಿ ಮಗುವಿನ ಕೈಹಿಡಿದು ಬಂದಳು. ಹತ್ತು ದಿನದ ನಂತರ ಇಬ್ರಾಹಿಮನ ಕತ್ತು ಬಿಗಿದು ಕೊಂದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಸುಲ್ತಾನನನ್ನು ಇಳಿಸಲು ಸೈನ್ಯದ ಬಲ, ಧರ್ಮಾಧಿಕಾರಿಗಳ ಫತ್ವಾ ಎರಡೂ ಕೈಯಲ್ಲಿದ್ದವರು ರಾಜಮಾತೆಯ ಒಪ್ಪಿಗೆಗಾಗಿ ಗಂಟೆಗಟ್ಟಲೆ ಬಾಗಿಲಲ್ಲಿ ಕಾದರು. ಕದ್ದು ಗಳಿಸಿದ ಪ್ರಭಾವಕ್ಕೆ ಯಾರೂ ಹೀಗೆ ಕಾಯುವುದಿಲ್ಲ.

ಹೊಸ ಸುಲ್ತಾನ ನಾಲ್ಕನೇ ಮೆಹ್ಮದ್‌ಗೆ ಆರು ದಾಟಿತ್ತು, ಅವನ ತಾಯಿ ತುರ್ಹಾನ್‌ಗೆ ಇಪ್ಪತ್ತರ ಆಸುಪಾಸು. ಪದ್ಧತಿಯ ಪ್ರಕಾರ ರಾಜಮಾತೆಯ ಸ್ಥಾನ ತುರ್ಹಾನಳದು. ಹುಡುಗಿ ಚಿಕ್ಕವಳು, ಅನುಭವವಿಲ್ಲ ಎಂದು ಕ್ಯೋಸೆಮಳನ್ನೇ 'ಹಿರಿಯ ವಾಲಿದೆ' ಎಂದು ಉಳಿಸಿಕೊಂಡರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತೇವೆ, ಇಲ್ಲಿ ಅತ್ತೆಯ ಕಾಲ ಮುಗಿಯಲೇ ಇಲ್ಲ. ಕ್ಯೋಸೆಮಳ ಬೆನ್ನಿಗೆ ಜಾನಿಸರಿ ದಳಪತಿಗಳು, ತುರ್ಹಾನಳ ಬೆನ್ನಿಗೆ ಅಂತಃಪುರದ ಮುಖ್ಯ ಖೋಜಾ ಸುಲೇಮಾನ್ ಆಗಾ. ಮೆಹ್ಮದನನ್ನು ಇಳಿಸಿ, ಮೆತ್ತಗಿನ ತಾಯಿಯಿದ್ದ ಇನ್ನೊಬ್ಬ ಮೊಮ್ಮಗನನ್ನು ಕೂರಿಸಲು ಕ್ಯೋಸೆಮ್ ಯೋಚಿಸಿದಳು. ಅವಳದೇ ದಾಸಿ ಮೆಲೆಕಿ ಈ ಸುದ್ದಿಯನ್ನು ತುರ್ಹಾನಳಿಗೆ ಮುಟ್ಟಿಸಿದಳು. 1651ರ ಸೆಪ್ಟೆಂಬರ್ 2ರ ರಾತ್ರಿ ಸುಲೇಮಾನ್ ಆಗಾನ ಜನ ಮುದುಕಿಯ ಕೋಣೆಗೆ ನುಗ್ಗಿ, ಅಡ್ಡಾಡಿ ಹುಡುಕಿ, ಅಡಗಿದ್ದವಳನ್ನು ಎಳೆದು ಕೊಂದರು. ಪರದೆಯ ಹುರಿಯಿಂದ ಎಂದು ಒಂದು ಹೇಳಿಕೆ, ಅವಳದೇ ಜಡೆಯಿಂದ ಎಂದು ಇನ್ನೊಂದು. ಸಾಲಗಾರ ಕೈದಿಗಳ ಸಾಲ ತೀರಿಸಿ ಬಿಡಿಸುತ್ತಿದ್ದ, ಅನಾಥ ಹುಡುಗಿಯರ ಮದುವೆ ಮಾಡಿಸುತ್ತಿದ್ದ, ತನ್ನ ದಾಸಿಯರನ್ನು ಕೆಲವೇ ವರ್ಷದ ಸೇವೆಯ ನಂತರ ಬಿಡುಗಡೆ ಮಾಡುತ್ತಿದ್ದ ಅವಳಿಗಾಗಿ ಊರು ಅತ್ತಿತು ಎನ್ನುತ್ತಾರೆ.

ತುರ್ಹಾನಳ ಬಗ್ಗೆ ಜನಪ್ರಿಯ ಬರಹಗಳು ಅನ್ಯಾಯ ಮಾಡಿವೆ ಎಂದು ನನ್ನ ಅಭಿಪ್ರಾಯ. ಅವಳ ಆಡಳಿತದ ಮೊದಲ ಐದು ವರ್ಷ ಗೊಂದಲವೇ. ಮಹಾವಜೀರರು ಒಬ್ಬರ ಹಿಂದೊಬ್ಬರು ಬಂದು ಹೋದರು, ಕ್ರೀಟ್ ದ್ವೀಪಕ್ಕಾಗಿ ವೆನಿಸ್ ಜತೆ ಯುದ್ಧ ನಡೆಯುತ್ತಲೇ ಇತ್ತು, ವೆನಿಸ್‌ನ ನೌಕಾಪಡೆ ದಾರ್ದನೆಲ್ಸ್ ಜಲಸಂಧಿಯ ಬಾಯಿಗೇ ಬಂದು ಕೂತಿತ್ತು. 1656ರ ಸೆಪ್ಟೆಂಬರಿನಲ್ಲಿ ಅವಳು ಎಪ್ಪತ್ತರ ಆಸುಪಾಸಿನ ಕ್ಯೋಪ್ರುಲು ಮೆಹ್ಮದ್ ಪಾಷಾನನ್ನು ಕರೆಸಿದಳು. ಆತ ಷರತ್ತು ಹಾಕಿದ: ನಾನು ಕೇಳಿದ್ದಕ್ಕೆ ಇಲ್ಲ ಎನ್ನಬಾರದು, ನೇಮಕಾತಿಯಲ್ಲಿ ಯಾರೂ ಕೈಹಾಕಬಾರದು, ನನ್ನ ಮೇಲಿನ ಚಾಡಿಗೆ ಕಿವಿಗೊಡಬಾರದು. ತುರ್ಹಾನ್ ಒಪ್ಪಿದಳು. 'ಹೆಂಗಸರ ಸುಲ್ತಾನಗಿರಿ' ಅಲ್ಲಿಗೆ ಮುಗಿಯಿತು ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಮುಗಿಸಿದವಳೂ ಹೆಂಗಸೇ, ಅದೂ ತನ್ನ ಮೂವತ್ತರ ಹೊತ್ತಿಗೆ, ಸ್ವಇಚ್ಛೆಯಿಂದ. ಅಧಿಕಾರ ಬಿಟ್ಟುಕೊಡುವುದಕ್ಕೆ ಹಿಡಿಯುವುದಕ್ಕಿಂತ ಹೆಚ್ಚು ಎದೆಗಾರಿಕೆ ಬೇಕು, ಆ ವಂಶದ ಗಂಡಸರಲ್ಲಿ ಅದು ಅಪರೂಪ.

ಬಿಟ್ಟ ಮೇಲೆ ಸುಮ್ಮನೆ ಕೂರಲಿಲ್ಲ. ದಾರ್ದನೆಲ್ಸ್‌ನ ಎರಡು ದಡಗಳಲ್ಲಿ ಸೆದ್ದುಲ್‌ಬಹಿರ್, ಕುಮ್‌ಕಲೆ ಎಂಬ ಕೋಟೆಗಳನ್ನು ಕಟ್ಟಿಸಿದಳು. ಹೆಂಗಸರು ಮಸೀದಿ, ಛತ್ರ ಕಟ್ಟಿಸುವುದು ವಾಡಿಕೆ, ಗಡಿಕೋಟೆ ಕಟ್ಟಿಸುವುದಲ್ಲ. ಇಸ್ತಾಂಬುಲಿನ ಬಂದರಿನೆದುರಿನ 'ಯೆನಿ ಜಾಮಿ' ಮಸೀದಿಯೂ ಅವಳದೇ. 1597ರಲ್ಲಿ ಸಫಿಯೆ ತಳಪಾಯ ಹಾಕಿಸಿದ್ದಳು. 1603ರಲ್ಲಿ ಮಗ ಸತ್ತು ಅವಳು ಹಳೆಯ ಅರಮನೆ ಸೇರಿದ ಮೇಲೆ ಕೆಲಸ ನಿಂತು, ಅರ್ಧ ಶತಮಾನಕ್ಕೂ ಮೇಲ್ಪಟ್ಟು ಹಾಗೇ ಬಿದ್ದಿತ್ತು. ತುರ್ಹಾನ್ 1665ರಲ್ಲಿ ಅದನ್ನು ಪೂರೈಸಿದಳು. ಪ್ರವಾಸಿಗರು ಮುಗಿಬೀಳುವ ಮಸಾಲೆ ಮಾರುಕಟ್ಟೆ ಆ ಮಸೀದಿಯ ಖರ್ಚಿಗೆಂದು ಕಟ್ಟಿದ್ದು.

ಇನ್ನು ಸಾಮ್ರಾಜ್ಯ ಹಾಳಾದ ಮಾತು. 17ನೇ ಶತಮಾನದ ಕಷ್ಟಗಳಿಗೆ ಕಾರಣ ಹುಡುಕುವವರು 1585-86ರಲ್ಲಿ ಅಕ್ಚೆಯ ಬೆಳ್ಳಿ ಅರ್ಧಕ್ಕಿಳಿದದ್ದನ್ನು, ಬೆಲೆಯೇರಿಕೆಯನ್ನು, 1593ರಿಂದ 1606ರವರೆಗೆ ಆಸ್ಟ್ರಿಯಾದ ರಾಜಮನೆತನವಾದ ಹ್ಯಾಬ್ಸ್‌ಬರ್ಗ್‌ರ ಜತೆ ನಡೆದ ಯುದ್ಧವನ್ನು, ಅನಾಟೋಲಿಯಾವನ್ನು ಸುಟ್ಟ ಜೆಲಾಲಿ ದಂಗೆಗಳನ್ನು, ಕೋವಿ ಹಿಡಿದ ಕಾಲಾಳುಗಳ ಸಂಖ್ಯೆ ಬೆಳೆದಂತೆ ಸಂಬಳದ ಹೊರೆ ಏರಿದ್ದನ್ನು ನೋಡಬೇಕು. ಇವುಗಳಲ್ಲಿ ಯಾವುದೂ ಅಂತಃಪುರದಲ್ಲಿ ಹುಟ್ಟಿದ್ದಲ್ಲ. ಈ ಹೆಂಗಸರು ಸಾಧ್ವಿಯರೆಂದು ನಾನು ಹೇಳುತ್ತಿಲ್ಲ. ಲಂಚ ನಡೆಯಿತು, ಹುದ್ದೆಗಳು ಮಾರಾಟವಾದವು, ಕ್ಯೋಸೆಮಳ ಕೊನೆಯ ವರ್ಷಗಳಲ್ಲಿ ಅವಳ ಬಳಗದ ದಳಪತಿಗಳು ಲೂಟಿ ಹೊಡೆದರು. ಆದರೆ ಅದೇ ಕೆಲಸ ಮಾಡಿದ ವಜೀರರ ಲೆಕ್ಕ ಇಟ್ಟರೆ ಪಟ್ಟಿ ಬಹಳ ಉದ್ದವಾಗುತ್ತದೆ. ಮಕ್ಕಳು, ಹುಚ್ಚರು ಪಟ್ಟಕ್ಕೆ ಬಂದ ಐವತ್ತು ವರ್ಷ ವಂಶ ತುಂಡಾಗದೆ ಉಳಿದದ್ದು ಈ ತಾಯಂದಿರಿಂದ ಎಂದು ವಾದಿಸುವ ಇತಿಹಾಸಕಾರರಿದ್ದಾರೆ, ನನಗೆ ಅವರ ಮಾತೇ ಹೆಚ್ಚು ಸರಿ ಎನಿಸುತ್ತದೆ.

ಧಾರಾವಾಹಿಯ ಬಗ್ಗೆ ಕೇಳಿದ್ದೀರಿ. ಒಂದು ಮುಖ್ಯ ತಪ್ಪು ಎದ್ದು ಕಾಣುತ್ತದೆ: ವಜೀರರು ಸಲೀಸಾಗಿ ಅಂತಃಪುರದೊಳಗೆ ನುಗ್ಗಿ ಸುಲ್ತಾನಿಯರ ಎದುರು ನಿಂತು ಮಾತಾಡುವುದು. ಅದು ಆಗದ ಮಾತು. ಸಂದೇಶ ಹೊತ್ತದ್ದು ಖೋಜಾಗಳು, ಮಾಲ್ಕಿಯಂಥ ಹೊರಗಿನ ಹೆಂಗಸರು, ವಜೀರರ ಮನೆ ಸೇರಿದ ಹೆಣ್ಣುಮಕ್ಕಳು, ಮತ್ತು ಕಾಗದ. ಅದರಿಂದಾಗಿ ಇಷ್ಟೊಂದು ಪತ್ರಗಳು ಉಳಿದಿರುವುದು ನಮ್ಮ ಅದೃಷ್ಟ. ಹುರ್ರೆಮಳದು ಎಂದು ಎಲ್ಲೆಡೆ ಹಾಕುವ ಚಿತ್ರಗಳನ್ನಂತೂ ನಂಬಬೇಡಿ. ಅವನ್ನು ಬರೆದ ಯುರೋಪಿನ ಚಿತ್ರಕಾರರು ಅವಳ ಮುಖವನ್ನು ಕಂಡವರಲ್ಲ.